ಮುಡಿ ಕಟ್ಟಿದ ಗಿಟಾರ್

ಭಾನುವಾರ ಮಧ್ಯಾಹ್ನ ಅಣ್ಣ ಬರುತ್ತಾನೆ, ಜೊತೆಗೆ ಇನ್ನಿಬ್ಬರು, ಗಿಟಾರ್ ತೆಗೆದಿಡಬೇಕಂತೆ. ಕಾರವಾರದಿಂದ ಫೋನಿನಲ್ಲಿ ಬಂದ ಈ ಸುದ್ದಿಯನ್ನು ಭಾವಿಕೇರಿಯ ಅಂಗಡಿಯವನು ಬಾಗಿಲಲ್ಲಿ ನಿಂತು ಹೇಳಿ ಹೋದಾಗ ಕುಸುಮಾ ಹಿತ್ತಲಲ್ಲಿ ಮೀನು ತೊಳೆಯುತ್ತಿದ್ದಳು. ಕೈಯಲ್ಲಿದ್ದ ಬಂಗಡೆ ಜಾರಿ ನೆಲಕ್ಕೆ ಬಿತ್ತು. ಅದರಿಂದ ಬೆಕ್ಕಿಗೆ ಒಳ್ಳೆಯದಾಯಿತು, ಕುಸುಮಾಳಿಗೆ ಬೆಕ್ಕನ್ನು ಓಡಿಸಬೇಕೆಂಬುದೂ ಹೊಳೆಯಲಿಲ್ಲ.

ಆ ಗಿಟಾರ್ ಅವಳ ಅಡುಗೆಮನೆಯ ಅಟ್ಟ ಹತ್ತಿ ಹತ್ತು ಮಳೆಗಾಲ ದಾಟಿತ್ತು. ಹತ್ತಿಸಿದವಳು ಅವಳೇ. ಆಮೇಲೆ ಒಂದು ಸಲವೂ ಇಳಿಸಿ ಬಿಚ್ಚಿ ನೋಡಿರಲಿಲ್ಲ.

ಅಣ್ಣ ದೇವಿದಾಸ ಎಂಬತ್ತರ ಸುಮಾರಿಗೆ ಕಾರವಾರದ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ನುಡಿಸುತ್ತಿದ್ದ. ಹೊಟ್ಟೆ ಟೊಳ್ಳಾಗಿರುವ ಸಾದಾ ಗಿಟಾರ್ ಅಲ್ಲ; ಇಡೀ ಮರದ ಹಲಗೆಗೆ ತಂತಿ ಬಿಗಿದು, ಕರೆಂಟಿಗೆ ಜೋಡಿಸಿದರೆ ಮಾತ್ರ ಬಾಯಿ ಬಿಡುವ ಎಲೆಕ್ಟ್ರಿಕ್ ಗಿಟಾರ್. ಅರವತ್ತರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ್ದು, ಹಾಲಿನಂಥ ಬಿಳಿ. ಗೋಕರ್ಣದ ಸಮುದ್ರ ದಂಡೆಯಲ್ಲಿ ಬೀಡುಬಿಟ್ಟಿದ್ದ ಹೊರದೇಶದವನೊಬ್ಬ ದೇವಿದಾಸನ ಮೋಟರ್ ಸೈಕಲ್ಲಿಗೆ ಬದಲಾಗಿ ಅದನ್ನು ಕೊಟ್ಟಿದ್ದ. ಅಂದು ಮಗ ಬಸ್ಸಿನಲ್ಲಿ ಮನೆಗೆ ಬಂದದ್ದು ನೋಡಿ ತಾಯಿ ಗಾಡಿ ಎಲ್ಲಿ ಎಂದು ಕೇಳಿದರೆ, ಅವನು ಹೆಗಲ ಮೇಲಿದ್ದ ಗಿಟಾರ್ ತೋರಿಸಿದನಂತೆ. ತಾಯಿ ಎರಡು ದಿನ ಅವನಿಗೆ ಚಹಾ ಮಾಡಿಕೊಡಲಿಲ್ಲ.

ದೇವಿದಾಸ ಒಳ್ಳೆಯವನು, ಆದರೆ ವಾದ್ಯದ ವಿಷಯಕ್ಕೆ ಬಂದರೆ ಮೂಗಿನ ತುದಿಯಲ್ಲೇ ಸಿಟ್ಟು. ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುವ ಕುಪ್ಪ ಎಂಬವನಿದ್ದ. ಅವನೂ ದೇವಿದಾಸನೂ ಒಂದೇ ತಾಟಿನಲ್ಲಿ ಉಂಡವರು. ಒಮ್ಮೆ ಕುಪ್ಪ ಗಿಟಾರಿನ ಮೇಲೆ ಚಹಾ ಚೆಲ್ಲಿದ. ಅಷ್ಟೇ. ಅಂದು ಬಿಟ್ಟ ಮಾತನ್ನು ದೇವಿದಾಸ ಮತ್ತೆ ಆಡಲಿಲ್ಲ. ಕುಪ್ಪನ ಮದುವೆಗೂ ಹೋಗಲಿಲ್ಲ, ಅವನ ತಂದೆ ತೀರಿಕೊಂಡಾಗಲೂ ಹೋಗಲಿಲ್ಲ.

ಇಂಥವನು ಹಡಗಿನ ಕೆಲಸ ಸಿಕ್ಕಿ ಹೊರಟಾಗ ಗಿಟಾರನ್ನು ತಂಗಿಯ ಕೈಗೆ ಕೊಟ್ಟ. ಅಷ್ಟು ಹೊತ್ತಿಗೆ ತಂದೆ ತಾಯಿ ಇಬ್ಬರೂ ಇರಲಿಲ್ಲ. ಕುಸುಮಾಳಿಗೆ ಅಣ್ಣನೊಬ್ಬನೇ ತವರು. "ನೋಡು, ಬೂಷ್ಟು ಹಿಡೂಕೆ ಬಿಡ್ಬೇಡ. ಮತ್ತೆಂತದೂ ಬ್ಯಾಡ ನಂಗೆ," ಎಂದು ಹೇಳಿ ಬಸ್ಸು ಹತ್ತಿದ.

ಅಂಕೋಲೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೆಂದರೆ ತಮಾಷೆಯ ಮಾತಲ್ಲ. ಚಪ್ಪಲಿಗೆ, ಚರ್ಮದ ಬೆಲ್ಟಿಗೆ, ದೇವರ ಪಟದ ಹಿಂದಿನ ಹಲಗೆಗೆ ಎಲ್ಲಕ್ಕೂ ಆಷಾಢದಲ್ಲಿ ಹಸಿರು ಗಡ್ಡ ಬರುತ್ತದೆ. ಆ ವರ್ಷ ಮಂಚದ ಕೆಳಗಿಟ್ಟಿದ್ದ ಗಿಟಾರಿನ ಪೆಟ್ಟಿಗೆ ಒಂದೇ ತಿಂಗಳಲ್ಲಿ ಕೊಳೆತು ಅಂಟಂಟಾಯಿತು, ಬಿಜಾಗರಿ ತುಕ್ಕು ಹಿಡಿಯಿತು; ಗಿಟಾರಿಗೆ ಮಾತ್ರ ಇನ್ನೂ ತಾಗಿರಲಿಲ್ಲ. ಕುಸುಮಾ ಅಳುತ್ತಾ ಕೂತಾಗ ಅತ್ತೆ ಬೊಮ್ಮಿ ಬಂದು ನೋಡಿದಳು.

"ಕೆಡಬಾರ್ದು ಅನ್ನೂದನ್ನ ನಾವು ಎಲ್ಲಿಡ್ತ್ರು? ಮಂಚದ ಬುಡಕೆ ಇಡ್ತ್ರಾ? ಬಿತ್ತದ ಭತ್ತ ಎಲ್ಲದೆ, ಮುರುಗಲ ಹುಳಿ ಸಿಪ್ಪೆ ಎಲ್ಲದೆ? ಒಲೆ ಮೇಲ್ನ ಅಟ್ಟದಲ್ಲಿ. ಈ ಹಲಗೆನೂ ಅಲ್ಲೇ ಹಾಕು," ಎಂದಳು. ಆ ಮುದುಕಿಗೆ ಗಿಟಾರ್ ಎಂಬ ಶಬ್ದ ನಾಲಗೆಗೆ ಹತ್ತಲೇ ಇಲ್ಲ. ಅದು ದೇವಿದಾಸನ ಹಲಗೆ, ಅಷ್ಟೇ.

ಬೊಮ್ಮಿಯೇ ಅದಕ್ಕೆ ಹಳೆಯ ಸೀರೆ ಸುತ್ತಿದಳು, ಮೇಲೆ ಒಣ ಹುಲ್ಲು ಹೊದೆಸಿದಳು, ಹುಲ್ಲಿನ ಹಗ್ಗದಿಂದ ಬಿಗಿದು ಬಿತ್ತನೆಯ ಭತ್ತಕ್ಕೆ ಕಟ್ಟುವಂತೆ ಮುಡಿ ಕಟ್ಟಿದಳು. ಗುಂಡಗಿರಬೇಕಾದ ಮುಡಿ ಉದ್ದಕ್ಕೆ ಬಂದು, ಅಟ್ಟದ ಮೇಲೆ ಮಲಗಿದ ಮೊಸಳೆಯಂತೆ ಕಾಣುತ್ತಿತ್ತು. ಬೀಜದ ಮುಡಿಯನ್ನು ಬಿತ್ತುವ ದಿನದವರೆಗೆ ನಡುವೆ ಬಿಚ್ಚಬಾರದು. ಬಿಚ್ಚಿದರೆ ತೇವ ಹೊಕ್ಕು ಇಡೀ ಮುಡಿ ಹಾಳು. ಇದು ಆ ಮನೆಯ ಕಟ್ಟಳೆ, ಕುಸುಮಾ ಅದನ್ನು ಮೀರಲಿಲ್ಲ. ದೇವಿದಾಸ ರಜೆಯಲ್ಲಿ ಬಂದಾಗೆಲ್ಲ ತೆಗೆಯಲಾ ಎಂದು ಕೇಳಿದರೆ, "ಬ್ಯಾಡ. ನೋಡಿದ್ರೆ ಮತ್ತೆ ಹಡಗಿಗೆ ಹೋಗೂಕೆ ಮನಸ್ಸ ಬರೂದಿಲ್ಲ," ಎನ್ನುತ್ತಿದ್ದ. ಎಲ್ಲಿಟ್ಟಿದ್ದಾಳೆಂದು ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಈ ವರ್ಷ, ತೊಂಬತ್ತೈದರ ಬೇಸಿಗೆಯಲ್ಲಿ, ದೇವಿದಾಸ ಹಡಗಿನ ಕೆಲಸ ಬಿಟ್ಟು ಬಂದು ಕಾರವಾರದಲ್ಲಿ ಬಾಡಿಗೆ ಮನೆ ಹಿಡಿದ. ಚೌತಿಗೆ ಬಂದ, ಪಾಯಸ ಉಂಡ, ಹೋದ. ಗಿಟಾರ್ ಸುದ್ದಿ ಎತ್ತಲಿಲ್ಲ. ಮರೆತಿರಬೇಕು ಎಂದು ಕುಸುಮಾ ಸುಮ್ಮನಿದ್ದಳು. ದಸರೆ ಕಳೆದ ಮೇಲೆ ಈ ಫೋನು.

ಶನಿವಾರ ಮಧ್ಯಾಹ್ನ ಗಂಡ ಮಾಬ್ಲೇಶ್ವರ ಸೊಸೈಟಿಯ ಕೆಲಸ ಮುಗಿಸಿ ಬಂದವನೇ ಏಣಿ ಇಟ್ಟು ಮುಡಿ ಇಳಿಸಿದ. ಹೊರಗಿನ ಹುಲ್ಲು ಡಾಂಬರಿನಂತೆ ಕಪ್ಪಾಗಿತ್ತು. ಹಗ್ಗ ಕೊಯ್ದು, ಹುಲ್ಲು ಸರಿಸಿ, ಸೀರೆಯ ಕೊನೆಯ ಸುತ್ತು ಬಿಚ್ಚಿದಳು ಕುಸುಮಾ. ಬಿಚ್ಚಿ ತಲೆಯ ಮೇಲೆ ಕೈ ಹೊತ್ತು ಕೂತಳು.

ಹಾಲಿನ ಬಣ್ಣದ ಗಿಟಾರ್ ಜೋನಿಬೆಲ್ಲದ ಕೆಂಗಂದು ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಇನ್ನಷ್ಟು ಕಪ್ಪು, ನಡುವೆ ಕೆಂಪು. ಮೈಮೇಲೆಲ್ಲ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಮೂಸಿದರೆ ಒಣ ಮೀನು, ಮುರುಗಲು, ತೆಂಗಿನ ಸಿಪ್ಪೆಯ ಹೊಗೆ ಎಲ್ಲ ಒಟ್ಟಿಗೆ ಬಂದವು.

"ಮುಗೀತು," ಎಂದಳು. "ಕುಪ್ಪ ಚಹಾ ಚೆಲ್ಲಿದ್ದಕ್ಕೇ ಹಂಗೆ ಮಾಡ್ದವ. ನಾ ಪೂರ್ತಿ ಸುಟ್ಟೇ ಇಟ್ಟಂಗೆ ಆಯ್ತಲ್ರೀ."

ಅಂಟುವಾಳದ ನೀರಿನಿಂದ ಒಂದು ಮೂಲೆ ಉಜ್ಜಿದಳು, ಹೋಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದಳು, ಆ ಮೂಲೆ ಇನ್ನೂ ಹೊಳೆದು ಇನ್ನೂ ಕೆಂಪಾಯಿತು. ಬೊಮ್ಮಿ ದೂರದಿಂದ ನೋಡಿ, "ಬೂಷ್ಟು ಹಿಡದೀದ್ಯಾ? ಇಲ್ಲಲ್ಲ. ಮತ್ತೆಂತಕೆ ಅಳ್ತೆ?" ಎಂದಳು. ಅವಳ ಲೆಕ್ಕದಲ್ಲಿ ವ್ಯವಹಾರ ಅಲ್ಲಿಗೇ ಮುಗಿದಿತ್ತು.

ಮಾಬ್ಲೇಶ್ವರ ಮಾತು ಕಡಿಮೆಯ ಮನುಷ್ಯ. ಸೈಕಲ್ ತೆಗೆದುಕೊಂಡು ಬೇಲೇಕೇರಿ ಕಡೆ ಹೋದವನು ದೋಣಿಗೆ ಬಳಿಯುವ ಬಿಳಿ ಬಣ್ಣದ ಡಬ್ಬಿ, ಒಂದು ಕುಂಚ ಹಿಡಿದು ಬಂದ. "ಎರಡು ಕೈ ಹೊಡೆದ್ರೆ ಹೊಸಾದೇ ಆಗ್ತದೆ. ನಿನ್ನ ಅಣ್ಣಂಗೆ ಎಂತಾ ಗೊತ್ತಾಗೂದು? ಹತ್ತು ವರ್ಷ ಆಯ್ತಲ್ಲ," ಎಂದು ಮುಚ್ಚಳ ತೆಗೆದು ಎದುರಿಗಿಟ್ಟ.

ಕುಸುಮಾ ಕುಂಚ ಅದ್ದಿದಳು. ಬಣ್ಣ ಒಳ್ಳೆಯ ದಪ್ಪಗಿತ್ತು, ಬೆಳ್ಳಗಿತ್ತು. ಗಿಟಾರಿನ ತನಕ ಒಯ್ದ ಕೈ ಅಲ್ಲೇ ನಿಂತಿತು. ಅವಳಿಗೆ ಅಣ್ಣ ಸಿಟ್ಟಾಗಿ ಮಾತು ಬಿಟ್ಟರೆ ಹೇಗೆ ಎಂಬ ಹೆದರಿಕೆ ಎಷ್ಟಿತ್ತೋ, ಅವನು ಏನೂ ಗೊತ್ತಾಗದೆ ನಗುನಗುತ್ತಾ ಮಾತಾಡಿಸಿದರೆ ತಾನು ಹೇಗೆ ಮುಖ ಕೊಟ್ಟು ಮಾತಾಡುವುದು ಎಂಬ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು. "ಬೇಡ," ಎಂದು ಕುಂಚವನ್ನು ಡಬ್ಬಿಗೇ ಒರೆಸಿದಳು. ಮಾಬ್ಲೇಶ್ವರ ಮರುಮಾತಾಡದೆ ಹೋಗಿ ಆ ಬಣ್ಣವನ್ನು ಕೊಟ್ಟಿಗೆಯ ಬಾಗಿಲಿಗೆ ಬಳಿದ. ತಂದದ್ದು ದಂಡವಾಗಬಾರದಲ್ಲ.

ಭಾನುವಾರ ಬಾಳೆಗುಳಿಯ ತಿರುವು ದಾಟಿ ಬಂದ ಕಾರು ಮನೆಯ ಬೇಲಿಯ ಹತ್ತಿರ ನಿಂತಿತು. ದೇವಿದಾಸನ ಜೊತೆ ಇಳಿದವರು ಇಬ್ಬರು. ಒಬ್ಬ ರೂಪೇಶ, ಕಾರವಾರದಲ್ಲಿ ಬ್ಯಾಂಕಿನ ಕೆಲಸ. ಹೊರದೇಶದ ಗಿಟಾರ್ ಪತ್ರಿಕೆಗಳನ್ನು ತರಿಸಿ ಓದಿ ಓದಿ, ಕಾಣದ ಗಿಟಾರಿನ ಜಾತಕವನ್ನೂ ಹೇಳುವವನು. ಹಳೆಯದೇ ಚಿನ್ನ ಎಂಬುದು ಅವನ ಮತ. ಇನ್ನೊಬ್ಬ ಮಾಜಾಳಿಯ ಕಿಶೋರ, ದಿನಾ ಗೋವೆಗೆ ಹೋಗಿ ವಾದ್ಯದ ಅಂಗಡಿಯಲ್ಲಿ ರಿಪೇರಿ ಮಾಡುವವನು. ಹಳೆಯದು ಎನ್ನುವುದೆಲ್ಲ ಬರೀ ಮರುಳು, ಹೊಸದೇ ಸೈ ಎಂಬುದು ಅವನ ಮತ. ಕಾರವಾರದಿಂದ ಇಲ್ಲಿಯ ತನಕ ಇದೇ ಜಗಳ ಮಾಡುತ್ತಾ ಬಂದಿದ್ದರು.

ಜಗಳಕ್ಕೆ ಕಾರಣ ದೇವಿದಾಸನ ಕೈಯಲ್ಲಿದ್ದ ಕಪ್ಪು ಪೆಟ್ಟಿಗೆ. ಅದರೊಳಗೆ ಇನ್ನೊಂದು ಗಿಟಾರ್ ಇತ್ತು. ಹಳೆಯ ಮಾದರಿಗೆ ಗಿರಾಕಿ ಹೆಚ್ಚಾದದ್ದು ನೋಡಿ, ಅದೇ ಕಂಪನಿ ಅದೇ ಅಳತೆ, ಅದೇ ಆಕಾರ, ಅದೇ ಬಿಳಿ ಬಣ್ಣದಲ್ಲಿ ಮತ್ತೆ ಹೊರಡಿಸಿದ್ದು. ಕೊನೆಯ ಪ್ರಯಾಣದಲ್ಲಿ ಜಪಾನಿನ ಬಂದರಿನಲ್ಲಿ ದೇವಿದಾಸ ಕೊಂಡಿದ್ದ. ಹಳೆಯದನ್ನೂ ಅದರ ಮರುಹುಟ್ಟನ್ನೂ ಪಕ್ಕಪಕ್ಕ ಇಟ್ಟು ನುಡಿಸಿ ನೋಡಬೇಕೆಂದು ಆ ಇಬ್ಬರು ಅವನ ಬೆನ್ನು ಬಿದ್ದಿದ್ದರು. ಅವನಿಗೆ ಅಷ್ಟು ಉಮೇದಿ ಇದ್ದಂತೆ ಕಾಣಲಿಲ್ಲ. ಜಗುಲಿಯ ಮೆಟ್ಟಿಲು ಹತ್ತುವಾಗಲೂ ತಂಗಿಯ ಮುಖ ನೋಡಲಿಲ್ಲ.

ಕುಸುಮಾ ಗಿಟಾರ್ ತಂದು ಜಗುಲಿಯ ಚಾಪೆಯ ಮೇಲೆ ಮಲಗಿಸಿ, ಮುಚ್ಚಿದ ಬಟ್ಟೆ ತೆಗೆದಳು. ರಾತ್ರಿಯಿಡೀ ಕಟ್ಟಿಕೊಂಡ ಮಾತನ್ನು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ರೂಪೇಶ ಮೊಣಕಾಲೂರಿ ಕೂತೇಬಿಟ್ಟ.

"ಅಯ್ಯೋ ದೇವರೇ! ದೇವಿದಾಸಣ್ಣ, ನೀ ಬಿಳೀದು ಅಂದಿದ್ದೆ! ಇದು ಬಿಳೀದು ಅಲ್ಲ ಮಾರಾಯಾ. ಈ ಬಣ್ಣ ಕಂಪನಿ ಅವ್ರು ಬೇರೆ ಹೇಳಿ ಮಾಡ್ಸಿದವ್ರಿಗೆ ಮಾತ್ರ ಕೊಡ್ತಿದ್ರು! ಅಂಚಲ್ಲಿ ಕಪ್ಪು, ನಡೂಕೆ ಕೆಂಪು, ನೋಡು, ಎಷ್ಟು ಚೆಂದ ಕರಗ್ಸ್ಕಂಡ ಬಂದಾರೆ!"

ಕಿಶೋರ ಬಗ್ಗಿ ಮೂಸಿದ. "ವಾಸ್ನೆ ಮಾತ್ರ ಹಳೇದ್ದೇ ಹೌದು. ನಮ್ಮ ಅಂಗಡಿಗೆ ಬಂದ ಹಳೇ ಗಿಟಾರಿಗೂ ಇಂತದೇ ಇರ್ತದೆ. ಅಮೆರಿಕದ ಬಾರಲ್ಲಿ ಸಿಗರೇಟ ಸೇದಿ ಸೇದಿ ಬಂದದ್ದು."

"ಬಾರ್ ಹೊಗೆ ಅಲ್ಲ, ಅದು ಆ ಕಾಲದ ವಾರ್ನಿಶ್ ವಾಸ್ನೆ," ಎಂದ ರೂಪೇಶ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇಬ್ಬರೂ. ಅಲ್ಲೇ ವಾದ ಶುರುವಾಯಿತು. ದೇವಿದಾಸ ಮಾತ್ರ ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದ. ಅವನಿಗೆ ತನ್ನ ಗಿಟಾರಿನ ಬಣ್ಣ ಗೊತ್ತಿಲ್ಲವೇ? ಅವನ ಕಣ್ಣು ಗಿಟಾರಿನಿಂದ ತಂಗಿಯ ಕಡೆಗೆ, ತಂಗಿಯಿಂದ ಗಿಟಾರಿನ ಕಡೆಗೆ ಹೋಗಿ ಬರುತ್ತಿತ್ತು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಈ ಪಂಡಿತರೇ ತನ್ನನ್ನು ಪಾರು ಮಾಡಿಬಿಡುತ್ತಾರೆ ಎಂದು ಕುಸುಮಾಳಿಗೆ ಹೊಳೆಯದೇ ಇರಲಿಲ್ಲ. ಆದರೆ ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಅಣ್ಣಾ, ಅದು ಕಂಪನಿ ಬಣ್ಣನೂ ಅಲ್ಲ, ಬಾರ್ ಹೊಗೆನೂ ಅಲ್ಲ. ನಮ್ಮನೆ ಒಲೆ ಹೊಗೆ. ಮುಡಿ ಕಟ್ಟಿ ಅಟ್ಟದ ಮೇಲೆ ನಾನೇ ಹಾಕಿದ್ದು. ನೀ ಬಿಳೀದು ಕೊಟ್ಟಿದ್ದೆ, ನಾ ಹಿಂಗೆ ಮಾಡಿಟ್ಟೆ. ಬೈಯೂದಾದ್ರೆ ಬೈ. ಮಾತು ಮಾತ್ರ ಬಿಡಬೇಡ."

ಮೊದಲು ಬಾಯಿ ಬಿಟ್ಟವನು ರೂಪೇಶನೇ.

"ಇಲ್ಲ ಅಕ್ಕಾ, ನಿಮ್ಗೆ ಗೊತ್ತಾಗೂದಿಲ್ಲ. ಒಲೆ ಹೊಗೆಗೆ ಇಂತಾ ಬಣ್ಣ ಬರೂಕೆ ಸಾಧ್ಯನೇ ಇಲ್ಲ."

ಒಳಗಿನಿಂದ ಬೊಮ್ಮಿಯ ದನಿ ಬಂತು. "ಸಾಧ್ಯ ಇಲ್ವಾ? ಬಾ ತಮಾ, ಅಟ್ಟಕೆ ಹತ್ತು, ಎರಡು ಮಳೆಗಾಲ ಕೂತ್ಕಾ. ನಿಂಗೂ ಬತ್ತದೆ."

ಯಾರೂ ನಗಲಿಲ್ಲ, ಏಕೆಂದರೆ ದೇವಿದಾಸ ಇನ್ನೂ ಮಾತಾಡಿರಲಿಲ್ಲ. ಅವನು ಚಾಪೆಯ ಮೇಲೆ ಕೂತು, ಕಿಶೋರನ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಗಿಟಾರಿನ ಎದೆಯ ಮೇಲಿದ್ದ ಪ್ಲಾಸ್ಟಿಕ್ ತಗಡಿನ ಸ್ಕ್ರೂಗಳನ್ನು ಬಿಚ್ಚತೊಡಗಿದ. ಒಂದೊಂದೂ ಬೆಣ್ಣೆಯೊಳಗಿನಿಂದ ಬಂದಂತೆ ಬಂತು. ತಗಡು ಎತ್ತಿದರೆ, ಅದರ ಅಡಿಯಲ್ಲಿ ಹೊಗೆ ತಾಗದ ಜಾಗ ಅದೇ ಹಾಲಿನ ಬಿಳಿ. ರೂಪೇಶ ಆ ಬಿಳಿಯನ್ನು ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದ. ಒಳಗಿನ ತಂತಿ, ಬೆಸುಗೆ, ಸುರುಳಿ ಎಲ್ಲ ಒಣಗಿ ಗರಿಗರಿಯಾಗಿದ್ದವು. ತುಕ್ಕಿನ ಚುಕ್ಕೆಯೂ ಇಲ್ಲ.

ಕಿಶೋರ ಆ ಹೊತ್ತಿಗೆ ಕಪ್ಪು ಪೆಟ್ಟಿಗೆ ತೆರೆದ. ಒಳಗಿನ ಮಖಮಲ್ಲಿನ ಮೇಲೆ ಬೂದುಬಣ್ಣದ ಬೂಷ್ಟು ಹಬ್ಬಿತ್ತು. ಕಾರವಾರದ ಒಂದೇ ಮಳೆಗಾಲಕ್ಕೆ ಜಪಾನಿನಿಂದ ಬಂದ ಹೊಸ ಗಿಟಾರಿನ ತಂತಿ ಕೆಂಪಾಗಿ, ಸ್ಕ್ರೂಗಳು ತುಕ್ಕಿನಲ್ಲಿ ಕಚ್ಚಿ ಕೂತು, ಕುತ್ತಿಗೆ ಸ್ವಲ್ಪ ಬಾಗಿತ್ತು. ಹೊಸದೇ ಸೈ ಎನ್ನುವವನ ಮುಖ ಆಗ ನೋಡಬೇಕಿತ್ತು.

"ನಾಕು ತಿಂಗ್ಳಲ್ಲಿ ಹಿಂಗಾ?" ಎಂದ ಕಿಶೋರ.

ದೇವಿದಾಸ ಎರಡೂ ಗಿಟಾರುಗಳಿಗೆ ಹೊಸ ತಂತಿ ಬಿಗಿದು, ಕಾರಿನಿಂದ ಚಿಕ್ಕ ಆಂಪ್ಲಿಫೈಯರ್ ತರಿಸಿ ಮೊದಲು ಹಳೆಯದನ್ನು ಜೋಡಿಸಿದ. ತಂತಿ ಮೀಟಿದ. ಸದ್ದೇ ಇಲ್ಲ. ಮತ್ತೆ ಮೀಟಿದ, ಇಲ್ಲ. ಕಿಶೋರ, "ಗುಂಡಿ ತಿರ್ಗ್ಸು, ಒಳಗೆ ಮಸಿ ಕೂತಿರ್ತದೆ," ಎಂದ. ದೇವಿದಾಸ ಗುಂಡಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತಲೇ ಹೋದ. ಆಂಪ್ಲಿಫೈಯರ್ ಕೆಮ್ಮಿತು, ಕರಕರ ಎಂದಿತು. ಆಮೇಲೆ ಒಂದೇ ಸಲಕ್ಕೆ ಸ್ವರ ಬಂತು. ದುಂಡಗೆ, ತುಂಬಿಕೊಂಡು ಬಂತು. ಜಗುಲಿಯ ತುದಿಯಲ್ಲಿ ಕೂತಿದ್ದ ಮಾಬ್ಲೇಶ್ವರ ಎದ್ದು ನಿಂತ.

ಆರ್ಕೆಸ್ಟ್ರಾ ಶುರುವಾಗುವ ಮೊದಲು ಪರದೆ ಏಳುವಾಗ ಬಾರಿಸುತ್ತಿದ್ದ ತುಣುಕನ್ನು ದೇವಿದಾಸ ನುಡಿಸಿದ. ಎರಡು ಕಡೆ ಬೆರಳು ತಪ್ಪಿತು, ನಿಲ್ಲಿಸಲಿಲ್ಲ. ಕುಸುಮಾ ಲಂಗ ತೊಟ್ಟು ಮೊದಲ ಸಾಲಿನಲ್ಲಿ ಕೂತು ಕೇಳಿದ್ದ ತುಣುಕು ಅದು. ಅವಳಿಗೆ ಹೋದ ಜೀವ ಬಂದಂತಾಯಿತು. ಆದರೂ ಅಣ್ಣ ತನ್ನ ಹತ್ತಿರ ಇನ್ನೂ ಒಂದು ಮಾತೂ ಆಡಿಲ್ಲ ಎಂಬುದು ಮುಳ್ಳಿನಂತೆ ಒಳಗೇ ಇತ್ತು.

ಪಂಡಿತರಿಗೆ ಅಷ್ಟಕ್ಕೆ ಸಮಾಧಾನವೇ? ಕಣ್ಣು ಮುಚ್ಚಿ ಕೇಳಿ ಯಾವುದು ಯಾವುದೆಂದು ಹೇಳುತ್ತೇವೆ ಎಂದರು. ಬೊಮ್ಮಿ ತನ್ನ ಒಗೆದ ಸೀರೆಯೊಂದನ್ನು ಎರಡು ಕಂಬದ ನಡುವೆ ಕಟ್ಟಿದಳು. ಪರದೆಯ ಆಚೆ ದೇವಿದಾಸ ಒಮ್ಮೆ ಇದನ್ನು, ಒಮ್ಮೆ ಅದನ್ನು ನುಡಿಸಿದ. "ಇದು! ಇದಕ್ಕೇ ಹಳೇದು ಅನ್ನೂದು! ಮೂವತ್ತು ವರ್ಷ ಒಣಗಿದ ಮರದ ದನಿ ಇದು!" ಎಂದು ರೂಪೇಶ ತೊಡೆ ತಟ್ಟಿದ್ದು ಹೊಸ ಗಿಟಾರಿಗೆ. "ಕೇಳು, ಎಷ್ಟು ಸ್ವಚ್ಛ. ಫ್ಯಾಕ್ಟರಿಯಿಂದ ನಿನ್ನೆ ಬಂದಂಗೆ ಅದೆ," ಎಂದು ಕಿಶೋರ ಮೆಚ್ಚಿದ್ದು ಅಟ್ಟದ ಗಿಟಾರನ್ನು. ಬೊಮ್ಮಿ ಸೀರೆ ಸರಿಸಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಗ ನಗು ಶುರುವಾಯಿತು. ಮಾಬ್ಲೇಶ್ವರ ನಕ್ಕದ್ದನ್ನು ಕುಸುಮಾ ಎಷ್ಟೋ ದಿನಗಳ ಮೇಲೆ ನೋಡಿದಳು. ಇನ್ನೊಮ್ಮೆ, ಈ ಸಲ ಸರಿಯಾಗಿ ಹೇಳುತ್ತೇವೆ ಎಂದು ಅವರಿಬ್ಬರೂ ಗಿಟಾರುಗಳನ್ನು ಹಿಡಿದು ಮತ್ತೆ ವಾದಕ್ಕೆ ಕೂತರು.

ದೇವಿದಾಸ ಎದ್ದು ಹಿತ್ತಲ ಬಾವಿಯ ಹತ್ತಿರ ಬಂದ. ಕುಸುಮಾ ಅವನ ಹಿಂದೆಯೇ ಹೋಗಿ, ಕೈಗೆ ನೀರು ಹಾಕುತ್ತಾ ಕೇಳಿಯೇಬಿಟ್ಟಳು.

"ಸಿಟ್ಟು ಬಂದದ್ಯಾ?"

ದೇವಿದಾಸ ಮುಖ ಒರೆಸಿಕೊಂಡ.

"ಆ ಹೊಸಾದನ್ನ ಎಂತಕೆ ತಕಂಡೆ ಗೊತ್ತದ್ಯೇ ನಿಂಗೆ?"

"ಶೋಕಿಗೆ. ಮತ್ತೆಂತಕೆ?"

"ಅಲ್ವೇ. ಊರಿಗೆ ಬರೂ ದಿನ ಹತ್ರ ಬಂದಿತ್ತು. ಅಂಕೋಲೆ ಮಳೇಲಿ ಹಳೇದು ಇಷ್ಟು ವರ್ಷ ಉಳೂದಿಲ್ಲ, ಯಾವಾಗ್ಲೋ ಕೊಳ್ತು ಹೋಗದೆ ಅಂತ ನಾ ಖಾತ್ರಿ ಮಾಡ್ಕಂಡಿದ್ದೆ. ನನ್ನ ಸಿಟ್ಟು ನಂಗೊತ್ತು. ಕುಪ್ಪನ ಹತ್ರ ಬಿಟ್ಟ ಮಾತು ಇವತ್ತಿಗೂ ಬಿಟ್ಟೇ ಅದೆ. ಆಡ್ಬೇಕು ಅಂದ್ರೂ ಈಗ ನಾಲ್ಗೆ ಏಳೂದಿಲ್ಲ. ನಿನ್ನ ಹತ್ರನೂ ಹಂಗೇ ಆದ್ರೆ, ಮತ್ತೆ ನಾ ಊರಿಗೆ ಬಂದು ಯಾರ ಮನೆ ಬಾಗ್ಲಿಗೆ ಹೋಗೂದು? ಅಂತದೇ ಒಂದು ಕೈಲಿದ್ರೆ, ಹೋದದ್ದಕ್ಕೆ ಅಷ್ಟು ಸಿಟ್ಟು ಬರೂದಿಲ್ಲ ಅಂತ ಅದನ್ನ ತಕಂಡೆ."

ಕುಸುಮಾಳ ಕೈಯಲ್ಲಿದ್ದ ತಂಬಿಗೆಯ ನೀರು ಅವಳ ಕಾಲ ಮೇಲೆಯೇ ಸುರಿಯುತ್ತಿತ್ತು.

"ಹಂಗಾರೆ ಚೌತಿಗೆ ಬಂದಾಗ ಎಂತಕೆ ಕೇಳ್ಲಿಲ್ಲ?"

"ಹೆದರ್ಕೆ ಆಗಿತ್ತೆ."

"ನಂಗೂ," ಎಂದಳು ಕುಸುಮಾ. ಅಳು, ನಗು ಎರಡೂ ಒಟ್ಟಿಗೇ ಬಂದು, ಸೆರಗಿನಿಂದ ಯಾವುದನ್ನು ಒರೆಸಬೇಕೆಂದು ತಿಳಿಯದೆ ಇಡೀ ಮುಖವನ್ನೇ ಒರೆಸಿಕೊಂಡಳು. ದೇವಿದಾಸ ಅವಳ ಕೈಯಿಂದ ತಂಬಿಗೆ ತೆಗೆದು ಬಾವಿಕಟ್ಟೆಯ ಮೇಲಿಟ್ಟ. ಜಗುಲಿಯಲ್ಲಿ ಆ ಇಬ್ಬರು ಮತ್ತೆ ತಪ್ಪು ಹೇಳಿರಬೇಕು, ಬೊಮ್ಮಿ ಗಟ್ಟಿಯಾಗಿ ನಗುತ್ತಿದ್ದಳು.

"ಮೀನ್ ಸಾರು ಅದೆ. ಉಂಡ್ಕಂಡೇ ಹೋಗೂದು ನೀವೆಲ್ಲ," ಎಂದಳು ಕುಸುಮಾ. ಅಣ್ಣನ ಮೇಲೆ ಅವಳು ಅಧಿಕಾರದಿಂದ ಮಾತಾಡಿದ್ದು ಬಹಳ ವರ್ಷಗಳ ಮೇಲೆ. ಅವನು ತಲೆ ಆಡಿಸಿ, ಕಾಲು ತೊಳೆದುಕೊಂಡು ಒಳಗೆ ನಡೆದ.